ಸುಮ್ಮನಿದ್ದವರೆಲ್ಲ ಅಂತರ್ಮುಖಿಗಳೇನ್ರಿ?

ಗುಂಪು: ಎಂ.ಎ. ಮನಃಶಾಸ್ತ್ರ ಗೆಳೆಯರು, ವಿಜಯಪುರ

ಸಂಗಮೇಶ: (ಫಾರ್ವರ್ಡ್) "ಗುಂಪಿನಲ್ಲಿ ಓದಿ ಸುಮ್ಮನಿರುವವರು ಅಂತರ್ಮುಖಿಗಳು. ದಿನವೂ ಡಿಪಿ ಬದಲಿಸುವವರು ಬಹಿರ್ಮುಖಿಗಳು."
ಭಾಳ ಛಲೋ ಅದ. ರವಿವಾರ ಸಿಂದಗಿ ಶಿಕ್ಷಕರ ತರಬೇತಿಯೊಳಗ ಹಂಚಾಣ.

ಭಾರತಿ: ಬ್ಯಾಡ ಸಂಗಮೇಶಣ್ಣ. ಸುಮ್ಮನಿರಲಿಕ್ಕೆ ಕಾರಣ ಒಂದೇ ಇರಂಗಿಲ್ಲ. ಮ್ಯೂಟ್ ಮಾಡಿರತಾರ, ಹೆಡ್‌ಮಾಸ್ತರು ಅದಾರಂತ ಅಂಜಿರತಾರ, ಇಲ್ಲಾ ಇನ್ನೂರು ಮಂದಿಯೊಳಗ ಯಾರರೆ ಉತ್ತರ ಕೊಡತಾರ ಬಿಡು ಅಂತಿರತಾರ. ಅದೇ ಮನಷ್ಯಾ ನಾಲ್ಕು ಮಂದಿ ಗುಂಪಿನ್ಯಾಗ ತಾಸಗಟ್ಟಲೆ ಹರಟತಾನ.

ಸಂಗಮೇಶ: ಹಂಗಾರ ಸಂಶೋಧಕ ಕೊಸಿನ್ಸ್ಕಿ ತಂಡದ 2013ರ ಅಧ್ಯಯನ ಸುಳ್ಳೇನು? 58,000ಕ್ಕೂ ಹೆಚ್ಚು ಮಂದಿಯ ಫೇಸ್‌ಬುಕ್ ಲೈಕ್ ನೋಡಿ ಸ್ವಭಾವ ಹೇಳಿದ್ರಲ್ಲ.

ಭಾರತಿ: ಖರೆ ಅದ, ಆದರ ಅಂಕಿ ನೋಡು. ಬಹಿರ್ಮುಖತೆಗೆ ಸಿಕ್ಕ ಸಹಸಂಬಂಧ (ಅಂದಾಜಿಗೂ ಖರೆ ಅಂಕಕ್ಕೂ ಇರೂ ನಂಟು, 1 ಅಂದ್ರ ಪೂರಾ ಹೊಂದಿಕೆ) 0.40. ವರ್ಗ ಮಾಡಿದ್ರ 0.16. ಮಂದಿ ಮಂದಿ ನಡುವಿನ ವ್ಯತ್ಯಾಸದಾಗ 16% ಅಷ್ಟ ತಿಳೀತು, ಅದೂ ಒಬ್ಬೊಬ್ಬರ ಲೈಕ್ ರಾಶಿ ಕೂಡಿಸಿದ ಮ್ಯಾಲ. ಇಂಥದ್ದೇ ಇನ್ನೊಂದು 2015ರ ಅಧ್ಯಯನದಾಗ ಸಹೋದ್ಯೋಗಿಯ ಅಂದಾಜು ಮೀರಿಸಲಿಕ್ಕೆ ಕಂಪ್ಯೂಟರಿಗೆ ಸುಮಾರು 10 ಲೈಕ್ ಸಾಕಾದ್ವು, ಗಂಡ ಅಥವಾ ಹೆಂಡತಿಯ ಅಂದಾಜಿಗೆ ಸುಮಾರು 300 ಬೇಕಾದ್ವು. ಈ ಫಾರ್ವರ್ಡ್ ಒಂದೇ ಡಿಪಿ ಮ್ಯಾಲ ತೀರ್ಪು ಕೊಡತದ.

ಶಬಾನಾ: ಇನ್ನೊಂದು ಮಾತು. 2010ರಲ್ಲಿ ಬ್ಯಾಕ್ ಅನ್ನೂ ಸಂಶೋಧಕರ ತಂಡ ಅಪರಿಚಿತರಿಗೆ ಮಂದಿಯ ಪೂರಾ ಪ್ರೊಫೈಲ್ ತೋರಿಸಿತ್ತು. ಬಹಿರ್ಮುಖತೆ, ಹೊಸದಕ್ಕೆ ತೆರೆದ ಮನಸ್ಸು ಚೊಲೋ ಗುರುತಿಸಿದ್ರು. ಆತಂಕದ ಸ್ವಭಾವ ಮಾತ್ರ ಹಿಡೀಲಿಕ್ಕೆ ಆಗಲಿಲ್ಲ. ಮಾಸ್ತರಿಗೆ ಬೇಕಾದದ್ದೇ ಅದು, ಯಾವ ಹುಡುಗ ಒಳಗ ಕುದಿಯಾಕತ್ತಾನ ಅಂತ. ಅದು ಡಿಪಿಯೊಳಗ ಕಾಣಂಗಿಲ್ಲ.

ಸಂಗಮೇಶ: ಆಯ್ತವಾ, ಹಂಚೂದು ಏನ ಮತ್ತ?

ಭಾರತಿ: ಸಂಶೋಧಕ ಗಾಸ್ಲಿಂಗ್ ತಂಡದ 2003ರ ಹತ್ತು ಸಾಲಿನ ಸ್ವಭಾವದ ಪ್ರಶ್ನಾವಳಿ. ಶಿಕ್ಷಕರು ತಮಗ ತಾವ ತುಂಬಲಿ, ಹುಡುಗರಿಗೆ ಬ್ಯಾಡ. ಐದು ಗುಣ, ಗುಣಕ್ಕ ಎರಡು ಸಾಲು, 1ರಿಂದ 7 ಅಂಕ. ತಪ್ಪು ಆಗೂದು ತಿರುವು ಸಾಲಿನ್ಯಾಗ, ಅಂದ್ರ ಗುಣದ ಉಲ್ಟಾ ಕೇಳೂ ಸಾಲಿನ್ಯಾಗ. ಬಹಿರ್ಮುಖತೆಗೆ 1 ಮತ್ತು 6ನೇ ಸಾಲು. 6ನೇದು "ಮಿತಭಾಷಿ, ಶಾಂತ" ಅಂತ ಕೇಳತದ, ಅದರ ಅಂಕ 8ರಾಗ ಕಳೀಬೇಕು. ಮಾತಾಳಿ ಒಬ್ಬಾಂವ 1ನೇ ಸಾಲಿಗೆ 6 ಅಂಕ, 6ನೇ ಸಾಲಿಗೆ 2 ಅಂಕ ಹಾಕಿದಾ ಅನ್ನು. 8ರಾಗ 2 ಕಳೆದ್ರ 6, ಸರಾಸರಿ 6. ಕಳಿಯೂದು ಮರೆತ್ರ ಸರಾಸರಿ 4 ಬರತದ, ಮಾತಾಳಿ ಹೋಗಿ ನಡುವಿನಾಂವ ಆಗತಾನ.

ಶಬಾನಾ: ಕನ್ನಡಕ್ಕ ನಾ ಮಾಡತೀನಿ. ಮೂಲ ನೋಡದವರೊಬ್ಬರು ತಿರುಗಿ ಇಂಗ್ಲಿಷಿಗೆ ಮಾಡಿ ಕೊಡ್ರಿ, ಅರ್ಥ ಜಾರಿದ್ದು ಅಲ್ಲೇ ಸಿಗತದ.

ಸಂಗಮೇಶ: ಶನಿವಾರ ಸಂಜಿ ಒಳಗ ಕಳಸು. ಫಾರ್ವರ್ಡ್ ಅಳಿಸೀನಿ.