6ನೇ ಕ್ಲಾಸಿಗೆ ಶಾಲೆ ಬಿಟ್ಟ ಮಗಳು, ರಾಯಚೂರು ಅಗ್ರಿ ಸೀಟು: ಯಾವ ದಾರಿ ಹಿಡಿಯೋದು?

ಗಂಗಾವತಿ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯುತ್ತೇವೆ. ಮಗಳಿಗೆ ಈಗ 14 ತುಂಬಿದೆ. 6ನೇ ಕ್ಲಾಸ್ ಮುಗಿಸಿ ಶಾಲೆ ಬಿಡಿಸಿದೆವು. ಅವತ್ತಿನಿಂದ ಮನೆಯಲ್ಲೇ ಕಲಿಯುತ್ತಿದ್ದಾಳೆ.

ಯಾಕೆ ಬಿಡಿಸಿದಿರಿ ಅಂತ ಹೇಗೂ ಕೇಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ಮಾತು ತೊದಲುತ್ತದೆ. ಕ್ಲಾಸಲ್ಲಿ ಎದ್ದು ನಿಂತು ಪಾಠ ಓದು ಅಂದಾಗ 'ಪ'ಕಾರದ ಮುಂದೆ ಸಿಕ್ಕಿಹಾಕಿಕೊಳ್ಳುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಅದಿರಲಿ, ಟೀಚರೂ ಒಂದು ದಿನ ನಕ್ಕರು. ಅವತ್ತು ಮನೆಗೆ ಬಂದವಳು ಎರಡು ದಿನ ಮಾತೇ ಆಡಲಿಲ್ಲ. ನಮ್ಮ ಅತ್ತೆ ಇವತ್ತಿಗೂ 'ಸಾಲಿಗೆ ಹೋಗದ ಹುಡುಗಿಗೆ ಯಾವ ಕಾಲೇಜಿನವರು ಸೀಟ್ ಕೊಡ್ತಾರವ್ವಾ' ಅಂತ ಕೇಳುತ್ತಾರೆ. ಈಗ ಆ ಪ್ರಶ್ನೆ ನನ್ನದೂ ಆಗಿದೆ.

ಮನೆಯಲ್ಲಿ ಏನೂ ಕಲಿತಿಲ್ಲ ಅಂದುಕೊಳ್ಳಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಆವಾಗ ಊರಲ್ಲೆಲ್ಲ ಒಂದೇ ಮಾತು: ಈ ಸಲ ಬೆಳೆಗೆ ನೀರು ಇದೆಯೋ ಇಲ್ಲವೋ. ಇವಳು ಪೇಪರ್ ನೋಡಿ ದಿನಾ ನೀರಿನ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ದಿನದಲ್ಲಿ ಒಂದು ಟಿಎಂಸಿ ಖಾಲಿ ಆಗೋಕೆ ಸುಮಾರು 11,574 ಕ್ಯೂಸೆಕ್ಸ್ (ಸೆಕೆಂಡಿಗೆ ಅಷ್ಟು ಘನ ಅಡಿ) ಬಿಡಬೇಕು ಅಂತ ತಾನೇ ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದಳು. ಲಕ್ಷ ಕ್ಯೂಸೆಕ್ಸ್ ಬಿಟ್ಟರೆ ದಿನಕ್ಕೆ ಎಂಟೂವರೆ ಟಿಎಂಸಿಗಿಂತ ಜಾಸ್ತಿ ಹೋಗುತ್ತೆ ಅಂದಾಗ ನಮ್ಮೆಜಮಾನ್ರು ಊಟದ ತಟ್ಟೆ ಮುಂದೆ ಹಾಗೇ ಕೂತುಬಿಟ್ಟರು. ಇದೆಲ್ಲ ಯಾವ ಮಾರ್ಕ್ಸ್ ಕಾರ್ಡಿನಲ್ಲಿ ಬರುತ್ತೆ ಹೇಳಿ?

ಅವಳಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಮಾಡುವ ಆಸೆ. ನಾನು ಅಮೆರಿಕದವರ ಹೋಮ್‌ಸ್ಕೂಲ್ ವಿಡಿಯೋಗಳನ್ನು ನೋಡಿ ಗೊಬ್ಬರದಂಗಡಿ ಕ್ಯಾಲೆಂಡರಿನ ಹಿಂದೆ ಒಂದು ಪಟ್ಟಿ ಮಾಡಿದ್ದೇನೆ: ಇಂಗ್ಲಿಷ್ 4 ಕ್ರೆಡಿಟ್, ಗಣಿತ 4, ವಿಜ್ಞಾನ 3, ಹೀಗೆ. ಹತ್ತನೇದೂ ಹನ್ನೆರಡನೇದೂ ಎರಡೂ ಎನ್‌ಐಒಎಸ್ (ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ರಾಷ್ಟ್ರೀಯ ಮುಕ್ತ ಶಾಲೆ) ಕಟ್ಟಿಸಿ, ಆಮೇಲೆ ಸಿಇಟಿ ಬರೆಸೋಣ ಅಂತ ಯೋಚನೆ. ಸರಿ ಇದೆಯಾ?

ರಾಯಚೂರು ಮೇಷ್ಟ್ರು (ಪಿಯು ಉಪನ್ಯಾಸಕ, ನಿವೃತ್ತ) ಬರೆದದ್ದು:

ಅಮ್ಮಾ, ಆ ಕ್ಯಾಲೆಂಡರ್ ಪಕ್ಕಕ್ಕಿಡಿ. ನಮ್ಮಲ್ಲಿ ಕ್ರೆಡಿಟ್ ಎಣಿಸುವವರು ಯಾರೂ ಇಲ್ಲ. ಸಿಇಟಿಯವರು ಎಣಿಸೋದು ವರ್ಷ.

ಸೀಟಿಗೆ ಅರ್ಹತೆ ಬೇಕೆಂದರೆ ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಇರುವ ಶಾಲೆ ಕಾಲೇಜಿನಲ್ಲಿ ಓದಿರಬೇಕು. ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯು, ಎರಡರಲ್ಲಿ ಒಂದನ್ನು ಇಲ್ಲೇ ಪಾಸ್ ಮಾಡಿರಬೇಕು. ಬಹಳ ಜನ ಬಳಸುವ ಕಲಮು ಇದೇ. ನಿಮ್ಮ ಮಗಳು ಓದಿದ್ದು 1ರಿಂದ 6. ಅಂದರೆ 6 ವರ್ಷ. ಒಂದೇ ಒಂದು ವರ್ಷ ಕಮ್ಮಿ! ಹತ್ತು, ಹನ್ನೆರಡು ಎರಡನ್ನೂ ಮನೆಯಲ್ಲೇ ಕೂತು ಬರೆದರೆ ಆ ಲೆಕ್ಕ 6ಕ್ಕೇ ನಿಲ್ಲುತ್ತದೆ. ಆಮೇಲೆ ಎಷ್ಟೇ ಬುದ್ಧಿವಂತೆಯಾದರೂ ಅರ್ಜಿಯಲ್ಲೇ ಸಿಕ್ಕಿಬೀಳುತ್ತಾಳೆ.

ಹಾಗಾಗಿ ನನ್ನ ಮಾತು ಇಷ್ಟು. ಹತ್ತನೇದನ್ನು ಎನ್‌ಐಒಎಸ್‌ನಲ್ಲಿ ಬರೆಸಿ, ತೊಂದರೆ ಇಲ್ಲ. ಪಿಯುಗೆ ಮಾತ್ರ ಕಾಲೇಜಿಗೆ ಕಳಿಸಿ. 6 ಮತ್ತು 2 ಸೇರಿ 8 ಆಯಿತು. ದ್ವಿತೀಯ ಪಿಯು ಇಲ್ಲೇ ಪಾಸಾದಳು ಅಂತಲೂ ಆಯಿತು. ಪಿಯು ಸೈನ್ಸನ್ನು ಖಾಸಗಿಯಾಗಿ ಕಟ್ಟುತ್ತೇವೆ ಅನ್ನಬೇಡಿ. ಖಾಸಗಿ ಅಭ್ಯರ್ಥಿಗಳಿಗೆ ಆರ್ಟ್ಸ್, ಕಾಮರ್ಸ್ ಮಾತ್ರ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತಗೊಳ್ಳಿ, ನಾಳೆ ಮನಸ್ಸು ಬದಲಾದರೂ ದಾರಿ ತೆರೆದಿರುತ್ತದೆ. ಬೇರೆ ಬೋರ್ಡಿನಿಂದ ಬಂದವರಿಗೆ ಪಿಯು ಇಲಾಖೆಯ ಅರ್ಹತಾ ಪತ್ರ ಬೇಕಾಗುತ್ತದೆ, ಅದನ್ನು ಕಾಲೇಜಿನಲ್ಲೇ ಕೇಳಿ.

ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮ ಕೋಟಾ 5 ಪರ್ಸೆಂಟ್. ಎರಡಕ್ಕೂ 1ರಿಂದ 10ರವರೆಗೆ ಶಾಲೆಯಲ್ಲೇ ಓದಿರಬೇಕು. ಅವು ಹೋದವು ಅಂತ ಬರೆದುಕೊಳ್ಳಿ, ಅದಕ್ಕೆ ಅಳುತ್ತಾ ಕೂರಬೇಡಿ. ನಮ್ಮ ಭಾಗಕ್ಕೆ ಅದಕ್ಕಿಂತ ದೊಡ್ಡದು ಇದೆ: ಸಂವಿಧಾನದ 371ಜೆ ವಿಧಿ. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಸ್ಥಳೀಯರಿಗೆ. ರಾಯಚೂರಿನ ವಿಶ್ವವಿದ್ಯಾಲಯ ಇರೋದೇ ಇಲ್ಲಿ, ಅಲ್ವಾ? ಆ ಸರ್ಟಿಫಿಕೇಟ್ ಎಸಿ (ಉಪವಿಭಾಗಾಧಿಕಾರಿ) ಆಫೀಸಿನಿಂದ ಬರುತ್ತದೆ. ಸಿಇಟಿ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗ ಇರೋದಿಲ್ಲ. ಈಗಲೇ ಮಾಡಿಸಿ.

ಗಂಗಾವತಿ ಅಮ್ಮ:

ಸರ್, ಓದಿ ಎದೆ ಧಸಕ್ ಅಂತು. ಒಂದು ವರ್ಷ! 7ನೇದು ಮುಗಿಸಿಯೇ ಬಿಡಿಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಆದರೆ ಆ ವರ್ಷ ಅವಳನ್ನು ಇನ್ನೊಂದು ದಿನವೂ ಅಲ್ಲಿಗೆ ಕಳಿಸೋಕೆ ನನ್ನಿಂದ ಆಗುತ್ತಿರಲಿಲ್ಲ, ಅದೂ ನಿಜ.

ಎರಡು ಅನುಮಾನ. ಒಂದು, 1ರಿಂದ 3ನೇ ಕ್ಲಾಸ್ ಓದಿದ ಖಾಸಗಿ ಶಾಲೆ ಕೊರೊನಾ ಟೈಮಲ್ಲಿ ಮುಚ್ಚಿಹೋಯಿತು. ಬೋರ್ಡು ಕೂಡ ಇಲ್ಲ, ಈಗ ಅಲ್ಲಿ ಗೋಡೌನ್ ಇದೆ. ಅಲ್ಲಿ ಓದಿದ್ದಕ್ಕೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಎರಡನೇದು, ಪಿಯು ಪ್ರಾಕ್ಟಿಕಲ್‌ನಲ್ಲಿ ವೈವಾ (ಬಾಯಿಮಾತಿನ ಪರೀಕ್ಷೆ) ಇರುತ್ತದಲ್ಲ. ಅದನ್ನು ಹೇಗೆ ಮಾಡುತ್ತಾಳೋ ಅಂತ ಭಯ.

ಬಳ್ಳಾರಿ ಅಪ್ಪ ಬರೆದದ್ದು:

ನನ್ನ ಮಗ ಎನ್‌ಐಒಎಸ್‌ನಲ್ಲೇ ಹತ್ತನೇದು ಮುಗಿಸಿದ. ನಾವು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

5 ವಿಷಯ ಬೇಕು, ಅದರಲ್ಲಿ ಭಾಷೆ ಒಂದಾದರೂ ಇರಬೇಕು, ಎರಡಕ್ಕಿಂತ ಜಾಸ್ತಿ ಭಾಷೆ ಬೇಡ. ಕನ್ನಡ ತಗೊಳ್ಳಬಹುದು. ನಿಮ್ಮ ಮಗಳಿಗೆ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ. ಬೇಕಿದ್ದರೆ ಹೆಚ್ಚುವರಿಯಾಗಿ ಇನ್ನೊಂದು. ಚಿತ್ರಕಲೆ, ಗೃಹವಿಜ್ಞಾನ ಥರದವೂ ಇವೆ. ಸುಲಭ ಅಂತ ಗಣಿತ ಬಿಟ್ಟು ಬೇರೆ ಏನೋ ತಗೊಂಡರೆ ಮುಂದೆ ಪಿಯು ಸೈನ್ಸಿನ ಬಾಗಿಲಲ್ಲಿ ಒದ್ದಾಡಬೇಕು.

ಇದರ ದೊಡ್ಡ ಲಾಭ ಏನು ಗೊತ್ತಾ? ಐದನ್ನೂ ಒಂದೇ ಸಲ ಬರೆಯಬೇಕಿಲ್ಲ. ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್, ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಮ್ಮೆ ನೋಂದಣಿ ಆದರೆ 5 ವರ್ಷ, 9 ಅವಕಾಶ. ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ. ನಿಮ್ಮ ಕ್ರೆಡಿಟ್ ಪದಕ್ಕೆ ನಮ್ಮಲ್ಲಿ ಹತ್ತಿರ ಬರೋದು ಇದೊಂದೇ ಅನಿಸುತ್ತದೆ. ಮಗ ಮೊದಲು ಭಾಷೆ ಎರಡು ಮತ್ತು ಸಮಾಜ ಬರೆದ. ಆಮೇಲೆ ಆರು ತಿಂಗಳು ಬರೀ ಗಣಿತ, ವಿಜ್ಞಾನ. ಬೆಳಗ್ಗೆ ಎದ್ದರೆ ಅದೇ, ರಾತ್ರಿ ಮಲಗಿದರೆ ಅದೇ.

ತಪ್ಪು ಎಲ್ಲಾಯಿತು ಅಂದರೆ ಟಿಎಂಎ. ಮನೆಯಲ್ಲೇ ಬರೆದು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುವ ಅಸೈನ್‌ಮೆಂಟ್ ಅದು. 20 ಪರ್ಸೆಂಟ್ ತೂಕ. ನಾನು ಇವತ್ತು ನಾಳೆ ಅಂತ ತಳ್ಳಿದೆ, ಕೊನೇ ದಿನ ವೆಬ್‌ಸೈಟ್ ಗಿರ್ರ್ ಅಂತ ತಿರುಗುತ್ತಲೇ ಇತ್ತು, ಕರೆಂಟೂ ಹೋಯಿತು. ಸಮಾಜದಲ್ಲಿ ಕೈಗೆ ಬಂದ ಅಂಕ ಹೋಯಿತು. ಮಗ ಇನ್ನೂ ಆಡಿಕೊಳ್ಳುತ್ತಾನೆ.

ಇನ್ನೊಂದು, ಗಣಿತಕ್ಕೂ ವಿಜ್ಞಾನಕ್ಕೂ ಪ್ರಾಕ್ಟಿಕಲ್ ಇದೆ. ಅಧ್ಯಯನ ಕೇಂದ್ರ ನಿಮ್ಮ ಊರಲ್ಲೇ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನೋಂದಣಿ ಮಾಡುವಾಗ ಊರಿನ ಹೆಸರು ಮಾತ್ರ ನೋಡಬೇಡಿ, ಒಮ್ಮೆ ಹೋಗಿ ಲ್ಯಾಬ್ ನಿಜವಾಗಿಯೂ ಇದೆಯಾ ನೋಡಿ ಬನ್ನಿ. ಮತ್ತೆ ಏಪ್ರಿಲ್ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಪಿಯು ಕ್ಲಾಸ್ ಶುರುವಾಗಿಬಿಟ್ಟಿರುತ್ತದೆ. ಕೊನೇ ವಿಷಯಗಳನ್ನು ಅಕ್ಟೋಬರಿನಲ್ಲೇ ಮುಗಿಸಿಕೊಂಡರೆ ಜೂನ್ ಹೊತ್ತಿಗೆ ಮಾರ್ಕ್ಸ್ ಕಾರ್ಡ್ ಕೈಯಲ್ಲಿರುತ್ತದೆ.

ಸಿಂಧನೂರಿನವಳು, ಈಗ ಟೆಕ್ಸಾಸ್:

ನೀವು ನೋಡಿದ ವಿಡಿಯೋ ನಮ್ಮ ಕಡೆಯವರದೇ ಇರಬೇಕು, ನಗು ಬಂತು. ಇಲ್ಲಿ ಒಂದು ವಿಷಯವನ್ನು ಸುಮಾರು 120 ಗಂಟೆ ಕಲಿತರೆ ಒಂದು ಕ್ರೆಡಿಟ್ ಅನ್ನೋದು ಹಳೇ ಲೆಕ್ಕ. ಮಾರ್ಕ್ಸ್ ಕಾರ್ಡನ್ನು ಅಪ್ಪ ಅಮ್ಮನೇ ಟೈಪ್ ಮಾಡಿ ಸಹಿ ಹಾಕುತ್ತಾರೆ, ಕಾಲೇಜಿನವರು ತಗೊಳ್ಳುತ್ತಾರೆ. ಟೆಕ್ಸಾಸ್‌ನಲ್ಲಿ 1994ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಮನೆ ಶಾಲೆಯನ್ನು ಖಾಸಗಿ ಶಾಲೆ ಥರ ನೋಡಬೇಕು ಅಂತ ಹೇಳಿದೆ. ನಾನು ಮಗನ ಪಟ್ಟಿಯಲ್ಲಿ ಕನ್ನಡವನ್ನು 'ವಿದೇಶಿ ಭಾಷೆ' ಅಂತ ಬರೆದು ಎರಡು ಕ್ರೆಡಿಟ್ ಕೊಟ್ಟೆ. ಸಿಂಧನೂರಿನ ನಮ್ಮಪ್ಪನಿಗೆ ಹೇಳಿದರೆ ಫೋನಲ್ಲೇ ಬೈದರು.

ಅದು ಅಲ್ಲಿ ನಡೆಯೋದಿಲ್ಲ, ಮೇಷ್ಟ್ರು ಹೇಳಿದ್ದೇ ಸರಿ. ಆದರೂ ಡ್ಯಾಮಿನ ನೋಟ್‌ಬುಕ್ ಎಸೆಯಬೇಡಿ. ತಾರೀಖು, ಏನು ಮಾಡಿದಳು, ಎಷ್ಟು ಹೊತ್ತು, ಅಷ್ಟು ಬರೆದಿಡಿ. ಮುಂದೆ ಎಂಎಸ್ಸಿಗೋ ಸ್ಕಾಲರ್‌ಶಿಪ್ಪಿಗೋ ಪ್ರಬಂಧ ಬರಿ ಅಂದಾಗ ಎಲ್ಲರೂ 'ನನಗೆ ಚಿಕ್ಕಂದಿನಿಂದ ಕೃಷಿ ಇಷ್ಟ' ಅಂತ ಬರೆಯುತ್ತಾರೆ. ಇವಳ ಹತ್ತಿರ 11,574 ಇದೆ.

ರಾಯಚೂರು ಮೇಷ್ಟ್ರು:

ಮುಚ್ಚಿದ ಶಾಲೆ ಬಗ್ಗೆ: ಸುಮ್ನೆ ಗಾಬರಿ ಆಗಬೇಡಿ. ದಾಖಲಾತಿ ರಿಜಿಸ್ಟರ್ ಎಲ್ಲಿ ಹೋಯಿತು ಅಂತ ಗಂಗಾವತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಕೇಳಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಹೇಗೂ ಬಿಇಒ ಸಹಿ ಬೇಕು, ಅಲ್ಲಿಗೆ ಹೋಗಲೇಬೇಕಿತ್ತು. ಹಳೇ ಪ್ರೋಗ್ರೆಸ್ ಕಾರ್ಡ್, ಫೀ ರಸೀದಿ, ಗ್ರೂಪ್ ಫೋಟೋ, ಏನಿದ್ದರೂ ತಗೊಂಡು ಹೋಗಿ. ಪರೀಕ್ಷೆ ವರ್ಷದಲ್ಲಿ ಅಲ್ಲ, ಈ ತಿಂಗಳು.

ವೈವಾ ಬಗ್ಗೆ: 31 ವರ್ಷ ವೈವಾ ತಗೊಂಡಿದ್ದೇನೆ. ತೊದಲುವ ಮಕ್ಕಳೂ ಬಂದಿದ್ದಾರೆ. ಅವರಿಗೆ ಉತ್ತರ ಗೊತ್ತಿರುತ್ತದೆ, ನಾವು ಕಾಯಬೇಕು ಅಷ್ಟೇ. ಮಧ್ಯದಲ್ಲಿ ಬಾಯಿ ಹಾಕಿ ಅವರ ಪದವನ್ನು ನಾವೇ ಹೇಳಿಬಿಟ್ಟರೆ ಇನ್ನೂ ಕಟ್ಟಿಕೊಳ್ಳುತ್ತದೆ. ಕಾಲೇಜು ಸೇರಿದ ಮೊದಲ ವಾರವೇ ಲ್ಯಾಬ್ ನೋಡಿಕೊಳ್ಳುವ ಲೆಕ್ಚರರ್‌ಗೆ ಹೇಳಿಡಿ. ಕಾಲೇಜು ಆರಿಸುವಾಗ ಫಲಿತಾಂಶದ ಬ್ಯಾನರ್ ನೋಡಬೇಡಿ, ಒಂದು ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳು ಅಂತ ಕೇಳಿ.

ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಉಪಕರಣ ಗುರುತಿಸೋದು. ಎಷ್ಟೋ ರೈತರ ಮಕ್ಕಳು ಹಾಸ್ಟೆಲ್‌ನಲ್ಲೇ ಬೆಳೆದು ಕೂರಿಗೆ ಯಾವುದು, ಕುಂಟೆ ಯಾವುದು ಅಂತ ತಡವರಿಸುತ್ತಾರೆ. ನಿಮ್ಮವಳಿಗೆ ಅದು ಮನೆ ಅಂಗಳದ ಮಾತು.

ಬಳ್ಳಾರಿ ಅಪ್ಪ:

ಒಂದು ಸೇರಿಸುತ್ತೇನೆ. ಅವಳು ಕಾಲೇಜಿಗೆ ಹೋಗೋದೇ ಇಲ್ಲ ಅಂತ ಹಟ ಹಿಡಿದರೂ ಬಾಗಿಲು ಪೂರ್ತಿ ಮುಚ್ಚಲ್ಲ. ಎನ್‌ಐಒಎಸ್‌ನಲ್ಲೇ ಹನ್ನೆರಡನೇದು ಮುಗಿಸಿ ಸಿಯುಇಟಿ (ದೇಶಮಟ್ಟದ ಪ್ರವೇಶ ಪರೀಕ್ಷೆ) ಬರೆದು ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಸೀಟಿಗೆ ಪ್ರಯತ್ನ ಮಾಡಬಹುದು. ಆದರೆ ಅಲ್ಲಿ ಇಡೀ ದೇಶದವರ ಜೊತೆ ಪೈಪೋಟಿ, ನಮ್ಮ 371ಜೆ ಕೈಗೆ ಬರೋದಿಲ್ಲ. ಹತ್ತನೇದಕ್ಕೂ ಹನ್ನೆರಡನೇದಕ್ಕೂ ನಡುವೆ 2 ವರ್ಷದ ಅಂತರವೂ ಬೇಕು. ನನ್ನ ಮಗಳಾಗಿದ್ದರೆ ಪಿಯುಗೇ ಕಳಿಸುತ್ತಿದ್ದೆ.

ಗಂಗಾವತಿ ಅಮ್ಮ:

ನಿನ್ನೆ ರಾತ್ರಿ ಇದನ್ನೆಲ್ಲ ಅವಳಿಗೇ ಓದೋಕೆ ಕೊಟ್ಟೆ. ಪೂರ್ತಿ ಓದಿದಳು. ಎರಡು ವರ್ಷ ಕಾಲೇಜಿಗೆ ಹೋಗಬೇಕಂತೆ, ಏನಂತೀಯ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಲ್ಲಿ ಎದ್ದು ನಿಂತು ಪಾ... ಪಾಠ ಓದಿಸ್ತಾರಾ?' ಅಂತ ಕೇಳಿದಳು. ಪಿಯುನಲ್ಲಿ ಹಾಗೆಲ್ಲ ಓದಿಸೋದು ಕಮ್ಮಿ ಅಂದೆ. 'ಹಂಗಾದ್ರ ನೋಡೂಣು' ಅಂದಳು. ನಮ್ಮನೇಲಿ ಅದಕ್ಕೆ ಹೂಂ ಅಂತಲೇ ಅರ್ಥ.

ಬೆಳಗ್ಗೆ ಅಟ್ಟದ ಮೇಲಿನ ಟ್ರಂಕ್ ಇಳಿಸಿ ಹುಡುಕಿದೆವು. 1 ಮತ್ತು 3ನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡ್ ಸಿಕ್ಕಿತು. 2ನೇದು ಸಿಗಲಿಲ್ಲ, ಆದರೆ ಆ ವರ್ಷದ ಫೀ ರಸೀದಿ ಮೂರು ಇವೆ. ಒಂದನ್ನು ಇಲಿ ಕಡಿದಿದೆ, ಸೀಲ್ ಇರುವ ಮೂಲೆ ಮಾತ್ರ ಉಳಿದಿದೆ. ಸೋಮವಾರ ಬಿಇಒ ಆಫೀಸಿಗೆ ಹೋಗುತ್ತೇವೆ. ಅಲ್ಲಿಂದ ಹಾಗೇ ಕೊಪ್ಪಳ ಎಸಿ ಆಫೀಸಿಗೆ.

ಮೇಷ್ಟ್ರೇ, ಕೊನೇದಾಗಿ ಒಂದು. 371ಜೆಗೆ ನನ್ನ ಟಿಸಿ ಕೂಡ ತಗೊಂಡು ಹೋಗಲಾ? ನಾನು ಓದಿದ್ದು ಸಿರುಗುಪ್ಪದಲ್ಲಿ, ಒಂದರಿಂದ ಹತ್ತರವರೆಗೆ.

ರಾಯಚೂರು ಮೇಷ್ಟ್ರು:

ಸಿರುಗುಪ್ಪ ಬಳ್ಳಾರಿ ಜಿಲ್ಲೆ, ಅದೂ ಕಲ್ಯಾಣ ಕರ್ನಾಟಕವೇ. ತಗೊಂಡು ಹೋಗಿ. ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ 7 ವರ್ಷ ಓದಿ, ಮಗು ಪಿಯು ಎರಡೂ ವರ್ಷ ಇಲ್ಲೇ ಓದಿದ್ದರೆ ಸಿಇಟಿಯಲ್ಲಿ ಅದಕ್ಕೂ ಬೇರೆ ಕಲಮು ಇದೆ. ಆ ಇಲಿ ಕಡಿದ ರಸೀದಿಯಿಂದ ಕೆಲಸ ಆಗದಿದ್ದರೆ ನಿಮ್ಮ ಸಿರುಗುಪ್ಪದ ಟಿಸಿಯೇ ಕೈ ಹಿಡಿಯಬಹುದು. ಎರಡು ಜೆರಾಕ್ಸ್ ಮಾಡಿಸಿಕೊಳ್ಳಿ, ಒರಿಜಿನಲ್ ಕೊಟ್ಟು ಬರಬೇಡಿ.