ಕರೆಂಟ್ ಹೋದ ಮೇಲೆ ಮಿಂಟ್ ಅಪ್‌ಡೇಟ್ ಕೆಟ್ಟಿದೆ, ಪಾಸ್‌ವರ್ಡೂ ತಗೊಳ್ತಿಲ್ಲ

ಅಡಿಕೆಚಪ್ಪರ:
ನಮಸ್ಕಾರ. ಹೊಸನಗರದ ಹತ್ತಿರ ನಮ್ಮೂರು. ಹಳೇ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್, ಬ್ಯಾಟರಿ ಸತ್ತು ವರ್ಷವಾಯಿತು. ಹೋದ ವಾರ ವಿಂಡೋಸ್ ತರಹದ್ದೇ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22, ಅದರ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿಕೊಂಡೆ. ನಿನ್ನೆ ರಾತ್ರಿ ಅಪ್‌ಡೇಟ್‌ಗೆ ಬಿಟ್ಟು ಊಟಕ್ಕೆ ಕೂತೆ. ಆ ಗಾಳಿಮಳೆಗೆ ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು, ಕರೆಂಟ್ ಹೋಯಿತು. ಬೆಳಗ್ಗೆ ಆನ್ ಆಗುತ್ತದೆ, ಆದರೆ ಅಪ್‌ಡೇಟ್ ಮ್ಯಾನೇಜರ್ ತೆರೆದರೆ ‘ಡಿಪಿಕೆಜಿ’ ಅರ್ಧಕ್ಕೆ ನಿಂತಿದೆ ಅಂತ ಎರರ್. ಫಾರ್ಮ್ಯಾಟ್ ಮಾಡಬೇಕಾ? ನಾಡಿದ್ದು ದೇವಸ್ಥಾನ ಸಮಿತಿ ಸಭೆ, ಲೆಕ್ಕವೆಲ್ಲ ಇದರಲ್ಲೇ ಇದೆ.

ತುಂಗೆತೀರ:
ಫಾರ್ಮ್ಯಾಟ್ ಮಾತ್ರ ಮಾಡಬೇಡಿ ಮಾರಾಯ್ರೆ! ಡಿಪಿಕೆಜಿ ಅಂದರೆ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಬಿಚ್ಚಿ ಜೋಡಿಸುವ ಕೆಲಸಗಾರ. ಅರ್ಧ ಜೋಡಿಸಿದಾಗ ಕರೆಂಟ್ ಹೋಗಿದೆ, ಅಷ್ಟೇ. ಏನು ಮಾಡಬೇಕೆಂದು ಆ ಎರರ್‌ನಲ್ಲೇ ಬರೆದಿರುತ್ತದೆ. ‘ಸುಡೊ’ ಅಂತ ಶುರುವಾಗುವ ತುಂಡನ್ನು ಕಾಪಿ ಮಾಡಿ, ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತೆರೆದು, ಬಲ ಕ್ಲಿಕ್ ಮಾಡಿ ಪೇಸ್ಟ್ ಮಾಡಿ, ಎಂಟರ್ ಒತ್ತಿ. ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಅಕ್ಷರ ಕಾಣುವುದಿಲ್ಲ, ಬರೀ ನಕ್ಷತ್ರದ ಗುರುತು ಬೀಳುತ್ತದೆ, ಗಾಬರಿಯಾಗಬೇಡಿ.

ಅಡಿಕೆಚಪ್ಪರ:
ಮೂರು ಸಲ ಹಾಕಿದೆ, ಮೂರು ಸಲವೂ ತಪ್ಪು ಅಂತಿದೆ. ಲಾಗಿನ್ ಆಗುವಾಗ ಇದೇ ಪಾಸ್‌ವರ್ಡ್ ಸರಿಯಾಗಿದೆ.

ತುಂಗೆತೀರ:
ಕನ್ನಡ ಕೀಬೋರ್ಡ್ ಸೇರಿಸಿದ್ದೀರಾ? ಟೆಕ್ಸ್ಟ್ ಎಡಿಟರ್ ತೆರೆದು ಪಾಸ್‌ವರ್ಡ್ ಬರೆದು ನೋಡಿ. ಸೇವ್ ಮಾಡಬೇಡಿ ಮತ್ತೆ.

ಅಡಿಕೆಚಪ್ಪರ:
ಅಯ್ಯೋ, ಅದು ಕನ್ನಡದಲ್ಲಿ ಬರ್ತಿದೆ! ಹೌದು, ಮೊನ್ನೆ ಕಗಪ ಅನ್ನುವ ಕನ್ನಡ ಕೀಬೋರ್ಡ್ ವಿನ್ಯಾಸ ಸೇರಿಸಿ, ಪಟ್ಟಿಯಲ್ಲಿ ಅದನ್ನೇ ಮೇಲಕ್ಕೆ ಏರಿಸಿದ್ದೆ.

ತುಂಗೆತೀರ:
ಅಲ್ಲೇ ಇರುವುದು. ಲಾಗಿನ್ ಪರದೆ ಬೇರೆ, ಅಲ್ಲಿ ಇಂಗ್ಲಿಷ್ ಕೀಬೋರ್ಡೇ ಇರುತ್ತದೆ. ಒಳಗೆ ಬಂದ ಮೇಲೆ ಪಟ್ಟಿಯಲ್ಲಿ ಮೊದಲಿರುವುದು ನಡೆಯುತ್ತದೆ. ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್‌ಗೆ ಹೋಗಿ ಇಂಗ್ಲಿಷನ್ನು ಮೇಲಿಡಿ, ಕನ್ನಡ ಕೆಳಗಿರಲಿ. ಬದಲಿಸಲು ಆಲ್ಟ್ ಮತ್ತು ಶಿಫ್ಟ್ ಆರಿಸಿಕೊಳ್ಳಿ. ಪ್ಯಾನೆಲ್‌ನಲ್ಲಿ ಕೀಬೋರ್ಡ್ ಲೇಔಟ್ ಗುರುತು ಹಾಕಿಕೊಂಡರೆ ಯಾವುದು ನಡೀತಿದೆ ಅಂತ ಕಣ್ಣಿಗೆ ಬೀಳುತ್ತದೆ. ಕನ್ನಡ ಬರೆಯಲು ಬೇರೆ ಸಾಫ್ಟ್‌ವೇರೇ ಬೇಡ, ಕಗಪ ಮಿಂಟ್‌ನಲ್ಲೇ ಇದೆ. ಒತ್ತಕ್ಷರಕ್ಕೆ ನಡುವೆ ‘ಎಫ್’ ಕೀ, ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿದವರಿಗೆ ಗೊತ್ತೇ ಇದೆ.

ಅಡಿಕೆಚಪ್ಪರ:
ಆಯಿತು ಅಣ್ಣ! ಎರಡು ನಿಮಿಷ ಸಾಲು ಸಾಲು ಓಡಿ ನಿಂತಿತು. ಅಪ್‌ಡೇಟ್ ಮ್ಯಾನೇಜರ್ ಈಗ ಸುಮ್ನೆ ಇದೆ.

ಇನ್ನೊಂದು. ಹಳೇ ಕಾರ್ಯದರ್ಶಿಗಳ ನಡಾವಳಿ ಫೈಲ್ ಲಿಬ್ರೆಆಫೀಸ್‌ನಲ್ಲಿ (ಮಿಂಟ್‌ನ ವರ್ಡ್ ತರಹದ್ದು) ತೆರೆದರೆ ಬರೀ ಕೊಂಬು-ಬಾಲದ ಇಂಗ್ಲಿಷ್ ಅಕ್ಷರ.

ಹಂಚಿನಮನೆ:
ಅದು ಈಗ ಎಲ್ಲ ಕಡೆ ಓದಲು ಬರುವ ಯುನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ರೂಪ ತೋರಿಸುವ ನುಡಿಯ ಹಳೇ ಆಸ್ಕಿ ಫಾಂಟಿನ ಬರಹ. ಫೈಲ್ ಹಾಳಾಗಿಲ್ಲ. ಅವರ ಕಂಪ್ಯೂಟರಿನಿಂದ ಆ ನುಡಿ ಫಾಂಟ್ ಫೈಲ್ ತಂದು, ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಓದಲು ಬರುತ್ತದೆ. ಮುಂದೆಯೂ ಬೇಕಾದದ್ದಾದರೆ ಆಸ್ಕಿಯಿಂದ ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕದಲ್ಲಿ ಹಾಕಿ. ಅಂಕಿಗಳನ್ನು ಮಾತ್ರ ಒಂದು ಸಲ ಕಣ್ಣಾಡಿಸಿ, ದೇವಸ್ಥಾನದ ದುಡ್ಡು ನೋಡಿ!

ಮಳೆಗಾಲ ಮುಗಿಯುವ ತನಕ ಅಪ್‌ಡೇಟ್‌ಗೆ ಮೊದಲು ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ, ಕೆಟ್ಟರೆ ಸಿಸ್ಟಮನ್ನು ಹಿಂದಿನ ಸ್ಥಿತಿಗೆ ತರಬಹುದು. ಆದರೆ ಅದು ಉಳಿಸುವುದು ಸಿಸ್ಟಮನ್ನು, ನಿಮ್ಮ ಫೈಲ್‌ಗಳಿರುವ ಹೋಮ್ ಫೋಲ್ಡರನ್ನಲ್ಲ. ಲೆಕ್ಕವನ್ನು ಪೆನ್‌ಡ್ರೈವ್‌ಗೆ ಬೇರೆ ಹಾಕಬೇಕು. ಬರೆದದ್ದನ್ನು ತಾನೇ ಉಳಿಸಿಡುವ ಲಿಬ್ರೆಆಫೀಸ್‌ನ ಆಟೋರಿಕವರಿ 10 ನಿಮಿಷಕ್ಕಿರುತ್ತದೆ, 2ಕ್ಕೆ ಇಳಿಸಿ. ನೆಟ್ ನಿಧಾನ ಅಂದರೆ ಹೊಸ ಸಾಫ್ಟ್‌ವೇರ್ ಹಾಕುವಾಗ ಫ್ಲ್ಯಾಟ್‌ಪ್ಯಾಕ್ ಅನ್ನುವ ಬಗೆಯ ಗೋಜಿಗೆ ಹೋಗಬೇಡಿ. ಮೊದಲ ಸಲ ಹಾಕುವಾಗ ಜಾಸ್ತಿ ಡೇಟಾ ತಿನ್ನುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್ ಪಟ್ಟಿಯಲ್ಲಿ ಸಿಸ್ಟಮ್ ಪ್ಯಾಕೇಜ್ ಅಂತಿರುವುದನ್ನೇ ಆರಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಲ್ಯಾಪ್‌ಟಾಪನ್ನು ಆ ಪಾಯಿಂಟಿಗೇ ಹಾಕಿ.

ಅಡಿಕೆಚಪ್ಪರ:
ಇನ್ವರ್ಟರ್ ಪಾಯಿಂಟಿನಲ್ಲಿ ಅಮ್ಮನ ಟಿವಿ ಇದೆ, ಅದೊಂದು ಕೇಳಬೇಡಿ. ಫಾಂಟ್ ಹಾಕಿದೆ, ನಡಾವಳಿ ಓದಲು ಬಂತು. ಟೈಮ್‌ಶಿಫ್ಟ್ ಓಡ್ತಿದೆ. ಕರೆಂಟ್ ಇನ್ನೂ ಇದೆ.