ಅಥೆನ್ಸ್‌ವರೆಗೆ ಹೋಗಿ ಏಜಿನಾ ದ್ವೀಪ ಬಿಡಬಹುದಾ?

ಮೈಸೂರು ಅಲೆಮಾರಿ: ಬಿಡಲೇಬೇಡಿ. ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಸುಮಾರು ಒಂದೂಕಾಲು ಗಂಟೆ ಅಷ್ಟೇ. ಅಲ್ಲಿನ ಅಫಾಯಾ ದೇವತೆಯ ದೇವಸ್ಥಾನ ಕ್ರಿ.ಪೂ. 500ರ ಆಸುಪಾಸಿನದು, ಪಾರ್ಥೆನಾನ್‌ಗಿಂತ ಹಳೆಯದು. ಪೈನ್ ಮರಗಳ ಗುಡ್ಡದ ಮೇಲೆ ಇಪ್ಪತ್ತಕ್ಕೂ ಜಾಸ್ತಿ ಕಂಬಗಳು ಇನ್ನೂ ನಿಂತಿವೆ. ಸುತ್ತಿನ ಕಂಬಗಳಲ್ಲಿ ಮೂರನ್ನು ಬಿಟ್ಟರೆ ಉಳಿದವೆಲ್ಲ ಒಂದೊಂದೇ ಕಲ್ಲಿನಲ್ಲಿ ಕಡೆದವು. ಅದೊಂದಕ್ಕೇ ಹೋಗಬಹುದು.

ಮ್ಯೂನಿಕ್ ಕನ್ನಡತಿ: ಅದೊಂದಕ್ಕೇ? ಕಂಬ ಬಿಟ್ಟರೆ ಅಲ್ಲಿ ಏನಿದೆ? ಮಾಡಿನ ತ್ರಿಕೋನದಲ್ಲಿದ್ದ ಯೋಧರ ಶಿಲ್ಪಗಳು ಇರೋದು ನಮ್ಮೂರಿನ ಗ್ಲಿಪ್ಟೋಥೆಕ್ ಮ್ಯೂಸಿಯಂನಲ್ಲಿ. ಪಶ್ಚಿಮ ಬದಿಯ ತ್ರಿಕೋನದ ಯೋಧ ಎದೆಗೆ ನೆಟ್ಟ ಬಾಣ ಕೀಳುತ್ತಿದ್ದಾನೆ, ತುಟಿಯಲ್ಲಿ ನಸುನಗು. ಪೂರ್ವ ಬದಿಯವನು ಕೆಲವೇ ವರ್ಷ ಈಚಿನವನು, ಅವನ ಮುಖದಲ್ಲಿ ನಗು ಇಲ್ಲ, ತಲೆ ಬಗ್ಗಿದೆ, ಕೈ ಇನ್ನೂ ಗುರಾಣಿಯ ಪಟ್ಟಿಯೊಳಗಿದೆ. ನಾನು ಪ್ರತಿ ಸಲ ಅವನ ಮುಂದೆ ನಿಂತುಬಿಡುತ್ತೇನೆ.

ಕಲ್ಲುಕುಟಿಗ: "ನಮ್ಮೂರು" ಅಂತ ಎಷ್ಟು ಸಲೀಸಾಗಿ ಹೇಳಿದಿರಿ! ಅದು ಕದ್ದ ಮಾಲು. 1811ರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ಕಾಕರೆಲ್, ಜರ್ಮನಿಯ ವಾಸ್ತುಶಿಲ್ಪಿ ಹಾಲರ್ ಮತ್ತು ಸಂಗಡಿಗರು ಅಗೆದು ಎತ್ತಿಕೊಂಡು ಹೋದರು.

ಮ್ಯೂನಿಕ್ ಕನ್ನಡತಿ: ಕದ್ದದ್ದಲ್ಲ. ಊರಿನವರಿಗೆ ದುಡ್ಡು ಕೊಟ್ಟಿದ್ದಾರೆ. 1812ರಲ್ಲಿ ಜಾಂಟೆ ದ್ವೀಪದಲ್ಲಿ ಹರಾಜು ನಡೆಯಿತು, ಬವೇರಿಯಾದ ಯುವರಾಜ ಲುಡ್ವಿಗ್ ಕೊಂಡುಕೊಂಡ. ಹರಾಜಿನಲ್ಲಿ ಕೊಂಡದ್ದು ಕಳವು ಹೇಗಾಗುತ್ತೆ?

ಕಲ್ಲುಕುಟಿಗ: ಎಷ್ಟು ದುಡ್ಡು ಅಂತ ಹೇಳಿ. ನಲವತ್ತು ಪೌಂಡ್‌ಗೂ ಕಮ್ಮಿ! ಆಗ ಗ್ರೀಸನ್ನು ಆಳುತ್ತಿದ್ದವರು ಆಟೋಮನ್ ತುರ್ಕರು. ಗ್ರೀಕರನ್ನು ಕೇಳಿದವರು ಯಾರು?

ಪಿಸ್ತಾತೋಟ: ಮೂಲ ಪ್ರಶ್ನೆಗೆ ಬನ್ನಿ. ಪಾಲಿಯೋಖೋರಾ ನೋಡಿ. ಕಡಲುಗಳ್ಳರ ಭಯಕ್ಕೆ ಜನ ಗುಡ್ಡದೊಳಗೆ ಕಟ್ಟಿಕೊಂಡ ಊರು. ಮನೆಗಳು ಬಿದ್ದಿವೆ, ಮೂವತ್ತಕ್ಕೂ ಜಾಸ್ತಿ ಪುಟ್ಟ ಚರ್ಚುಗಳು ಉಳಿದಿವೆ. ಬಾಗಿಲು ತಳ್ಳಿ ಒಳಗೆ ಹೋದರೆ ಮಾಸಿದ ಭಿತ್ತಿಚಿತ್ರಗಳು ಸಿಗುತ್ತವೆ. ಬರುವಾಗ ಪಿಸ್ತಾ ತನ್ನಿ, ಏಜಿನಾದ್ದು ಹೆಸರುವಾಸಿ.

ಮೈಸೂರು ಅಲೆಮಾರಿ: ಆಟೋಮನ್ನರು ಅಂದಿರಿ. ಅದೇ ಲುಡ್ವಿಗ್‌ನ ಮಗ ಒಟ್ಟೊ 1832ರಲ್ಲಿ ಗ್ರೀಸಿನ ರಾಜನಾದ. ಅಪ್ಪನ ಹತ್ತಿರ ಶಿಲ್ಪ, ಮಗನ ಕೈಯಲ್ಲಿ ದೇಶ. ಆಗಲಾದರೂ ವಾಪಸ್ ಕೊಡಬಹುದಿತ್ತು ಅಲ್ವಾ?

ಮ್ಯೂನಿಕ್ ಕನ್ನಡತಿ: ವಾಪಸ್ ಕೊಟ್ಟಿದ್ದರೆ ಎಲ್ಲಿ ಇಡುತ್ತಿದ್ದರು? ಇಲ್ಲಿ ಉಳಿದಿವೆ, ಅದು ಮುಖ್ಯ.

ಕಲ್ಲುಕುಟಿಗ: ಎಲ್ಲಿ ಇಡುತ್ತಿದ್ದರಾ? ಸ್ವತಂತ್ರ ಗ್ರೀಸಿನ ಮೊದಲ ಆಡಳಿತ ಮುಖ್ಯಸ್ಥ ಕಾಪೊಡಿಸ್ಟ್ರಿಯಾಸ್ 1829ರಲ್ಲಿ ಗ್ರೀಸಿನ ಮೊದಲ ಮ್ಯೂಸಿಯಂ ತೆರೆದದ್ದೇ ಏಜಿನಾದಲ್ಲಿ! ಅಗೆದು ಬರೀ ಹದಿನೆಂಟು ವರ್ಷ ಆಗಿತ್ತು. ಇನ್ನು ನಿಮ್ಮ "ಉಳಿದಿವೆ" ವಿಷಯ. ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್ಸನ್ ರೋಮಿನಲ್ಲಿ ಹೊಸ ಕೈಕಾಲು ಕೆತ್ತಿ ಅಂಟಿಸಿದ. 1960ರ ದಶಕದಲ್ಲಿ ನಿಮ್ಮ ಮ್ಯೂಸಿಯಂನವರೇ ಅದನ್ನೆಲ್ಲ ಕಿತ್ತರು.

ಮ್ಯೂನಿಕ್ ಕನ್ನಡತಿ: "ಬರೀ ಹದಿನೆಂಟು ವರ್ಷ" ಅನ್ನಬೇಡಿ. ಅದರ ನಡುವೆ 1821ರಿಂದ ಸ್ವಾತಂತ್ರ್ಯ ಯುದ್ಧ ನಡೆಯಿತು. ಅಮೃತಶಿಲೆಗೆ ಏನಾಗುತ್ತಿತ್ತೋ ನೀವು ಹೇಳಬಲ್ಲಿರಾ? ನನಗೆ ಸಿಟ್ಟು ಬರುತ್ತಿದೆ. ನಾನು ಕಳ್ಳಿಯಲ್ಲ, ಶಿಲ್ಪ ಪ್ರೀತಿಸುವವಳು.

ಕಲ್ಲುಕುಟಿಗ: ನಿಮ್ಮನ್ನು ಕಳ್ಳಿ ಅಂದಿಲ್ಲ. ಮಾಲು ಕದ್ದದ್ದು ಅಂದೆ. ಈಗಲೂ ಅದನ್ನೇ ಹೇಳುತ್ತೇನೆ.

ಪಿಸ್ತಾತೋಟ: ಏಜಿನಾದ ಇನ್ನೊಂದು ಪ್ರಾಚೀನ ತಾಣ ಕೊಲೋನಾ ಬಗ್ಗೆ ಯಾರೂ ಮಾತಾಡಲಿಲ್ಲ. ಬಂದರಿನ ಪಕ್ಕದಲ್ಲೇ ಇದೆ. ಅಪೋಲೋ ದೇವಸ್ಥಾನದ ಒಂದೇ ಒಂದು ಕಂಬ ಉಳಿದಿದೆ.

ಮ್ಯೂನಿಕ್ ಕನ್ನಡತಿ: ಒಂದು ಕಂಬ. ನಾನು ಮೊದಲೇ ಹೇಳಿದ್ದು ಅದೇ, ಅಲ್ಲಿ ಇರೋದು ಕಂಬ.

ಮೈಸೂರು ಅಲೆಮಾರಿ: ಆ ಯೋಧರು ಎರಡು ಸಾವಿರ ವರ್ಷಕ್ಕೂ ಜಾಸ್ತಿ ಇದ್ದದ್ದು ಆ ಕಂಬಗಳ ಜೊತೆಗೇ. ಅಲ್ಲಿ ನಿಂತರೆ ಕೆಳಗೆ ಸಮುದ್ರ ಕಾಣುತ್ತೆ. ಮ್ಯೂನಿಕ್‌ನಲ್ಲಿ ಆ ಸಮುದ್ರ ಇಲ್ಲ.